ಒದ್ದೆ ಇದ್ದಲ್ಲಿ ಅಗೆದರೆ

ಪತ್ರೊಡೆ ತಿನ್ನುವಾಗಲೇ ಅನುಮಾನ ಬರಬೇಕಿತ್ತು. ಮಾರ್ಚ್ ತಿಂಗಳು, ಮೈಸೂರಿನಲ್ಲಿ ನೆತ್ತಿ ಸುಡೋ ಬಿಸಿಲು. ಅಂಥದ್ರಲ್ಲಿ ಪಕ್ಕದ ಮನೆ ಮಂಗಳೂರು ಆಂಟಿ ಒಂದು ಡಬ್ಬಿ ತುಂಬ ಪತ್ರೊಡೆ ತಂದುಕೊಟ್ಟರು. "ನಿಮ್ಮನೆ ಕೆಸುವಿನ ಎಲೆಯೇ" ಅಂದರು. ನಾವು ಒಬ್ಬೊಬ್ಬರು ನಾಲ್ಕು ನಾಲ್ಕು ತಿಂದು ಕೈ ತೊಳೆದುಕೊಂಡೆವು. ಆಷಾಢದಲ್ಲಿ ಬರಬೇಕಾದ ಕೆಸು ಬೇಸಿಗೆಯಲ್ಲಿ ಕಾಂಪೌಂಡ್ ಮೂಲೆಯಲ್ಲಿ ಮೊರದಗಲ ಎಲೆ ಬಿಟ್ಟುಕೊಂಡು ನಿಂತಿದೆ ಅಂದರೆ ಅದಕ್ಕೆ ಯಾರೋ ದಿನಾ ನೀರು ಹಾಕ್ತಿದ್ದಾರೆ ಅಂತ ತಾನೇ ಅರ್ಥ? ನಮ್ಮ ಮನೆಯಲ್ಲಿ ಆ ಮೂಲೆಗೆ ಯಾರೂ ನೀರು ಹಾಕುತ್ತಿರಲಿಲ್ಲ. ಅಪ್ಪ ಮಾತ್ರ "ಈ ಸಲ ಗೊಬ್ಬರ ಚೆನ್ನಾಗಿ ಕೂತಿದೆ" ಅಂತ ಖುಷಿಯಲ್ಲಿದ್ದರು.

ಇದು 2024ರ ಮಾರ್ಚ್. ಬೆಂಗಳೂರಲ್ಲಿದ್ದವರಿಗೆ ಆ ಬೇಸಿಗೆಯನ್ನು ವಿವರಿಸಬೇಕಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಬದಲು "ಟ್ಯಾಂಕರ್ ಬಂತಾ?" ಅಂತ ಶುರುವಾಗುತ್ತಿತ್ತು. ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಬಂದಿತ್ತು. ನಾನು ಅರ್ಧ ಬಕೆಟ್ಟಿನಲ್ಲಿ ಸ್ನಾನ ಮುಗಿಸೋದನ್ನು ರೂಢಿ ಮಾಡಿಕೊಂಡಿದ್ದೆ. ಮೈಸೂರಿಗೆ ಹೋಗಿ ಎರಡು ದಿನ ತಲೆ ಮೇಲೆ ತಂಬಿಗೆ ತಂಬಿಗೆ ಸುರಿದುಕೊಂಡು ಸುಖವಾಗಿದ್ದೆ. ಮೂರನೇ ದಿನ ಅಮ್ಮ ನೀರಿನ ಬಿಲ್ಲು ತಂದು ಮುಂದಿಟ್ಟಳು. ಹಿಂದಿನ ಸಲಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. "ನಾನು ಬಂದು ಎರಡೇ ದಿನ ಆಗಿರೋದು, ನಂದಲ್ಲ ಇದು" ಅಂದೆ. ಮೀಟರೇ ಕೆಟ್ಟಿರಬೇಕು ಅಂತ ಅಪ್ಪ ತೀರ್ಪು ಕೊಟ್ಟರು. ನಮ್ಮ ಕಡೆ ಬಿಲ್ ಜಾಸ್ತಿ ಬಂದರೆ ಮೊದಲು ಕೆಡೋದು ಮೀಟರ್ರೇ.

ಅವತ್ತು ರಾತ್ರಿ ಸುಮ್ನೆ ಹೋಗಿ ಮೀಟರ್ ಪೆಟ್ಟಿಗೆ ಮುಚ್ಚಳ ಎತ್ತಿ ಮೊಬೈಲ್ ಬೆಳಕು ಬಿಟ್ಟೆ. ನೀರು ಬಂದಿರಲಿಲ್ಲ, ಮುಳ್ಳೂ ನಿಂತಿತ್ತು. ಅಪ್ಪ ಹೇಳಿದ್ದೇ ಸರಿ ಅಂದುಕೊಂಡು ಮಲಗಿದೆ. ಬೆಳಗಿನ ಜಾವ ನಾಲ್ಕಕ್ಕೆ ನೀರು ಬಿಡುತ್ತಾರೆ, ಹತ್ತರ ತನಕ ಇರುತ್ತದೆ. ಆರು ಗಂಟೆಗೆ ಎದ್ದು, ಸಂಪಿನ ಬಾಲ್‌ವಾಲ್ವಿನ ಚೆಂಡನ್ನು ಮೇಲಕ್ಕೆ ಎಳೆದು ಸಂಪಿಗೆ ನೀರು ಬೀಳದ ಹಾಗೆ ದಾರ ಕಟ್ಟಿ, ಅಂಗಳದ ನಲ್ಲಿ, ಅಡುಗೆಮನೆ ನಲ್ಲಿ ಎರಡನ್ನೂ ಬಿಗಿಯಾಗಿ ತಿರುಗಿಸಿ, ಮತ್ತೆ ಹೋಗಿ ನೋಡಿದೆ. ಕೆಂಪು ಮುಳ್ಳು ತಿರುಗುತ್ತಿತ್ತು. ಅವಸರವೇನೂ ಇಲ್ಲ, ವಾಕಿಂಗ್ ಹೊರಟವರ ಹಾಗೆ ಒಂದೇ ಸಮನೆ ಸುತ್ತು ಹಾಕುತ್ತಿತ್ತು. ಇಡೀ ಮನೆಯಲ್ಲಿ ಯಾರೂ ಒಂದು ಲೋಟ ನೀರೂ ಹಿಡಿಯುತ್ತಿರಲಿಲ್ಲ.

ಮೊದಲನೇ ಗುಂಡಿ, ಎರಡನೇ ಗುಂಡಿ

ಪ್ಲಂಬರ್ ಹುಡುಗ ಬಂದ. ಒಳ್ಳೆ ಹುಡುಗ, ಚುರುಕು. ಗೇಟು ದಾಟಿದವನೇ ಕೆಸುವಿನ ಮೂಲೆ ನೋಡಿ "ಅಲ್ಲೇ ಇದೆ ಅಕ್ಕ, ನೋಡಿ ಹೆಂಗೆ ಒದ್ದೆ ಆಗಿದೆ" ಅಂದ. ನನಗೂ ಹಾಗೇ ಅನ್ನಿಸಿತ್ತು. ಒದ್ದೆ ಇದ್ದಲ್ಲಿ ಲೀಕು, ಹೊಗೆ ಇದ್ದಲ್ಲಿ ಬೆಂಕಿ. ಜೊತೆಗೆ ಬಂದಿದ್ದ ಆಳು ಪಿಕಾಸಿ ಎತ್ತಿದ. ಎರಡೂವರೆ ಅಡಿ ಆಳ ಹೋದರು. ಕೆಸರು ಬಂತು, ಎರೆಹುಳ ಬಂತು, ಯಾವುದೋ ಕಾಲದ ಹಾಲಿನ ಪ್ಯಾಕೆಟ್ ಬಂತು. ಪೈಪ್ ಮಾತ್ರ ಬರಲಿಲ್ಲ. ಗುಂಡಿಯಲ್ಲಿ ನಿಧಾನಕ್ಕೆ ನೀರು ಜಿನುಗಿ ಪಾದ ಮುಳುಗುವಷ್ಟು ನಿಂತಿತು. ಎಲ್ಲಿಂದ ಬರ್ತಿದೆ ಅಂತ ನೋಡಿದರೆ ಒಂದು ಕಡೆಯ ಮಣ್ಣಿನಿಂದ, ಬೆವರು ಬಂದ ಹಾಗೆ.

"ಡ್ರೈನೇಜ್ ನೀರೂ ಇರಬಹುದು ಅಕ್ಕ" ಅಂದ ಹುಡುಗ. ನನಗೆ ಆಗ ಬೆಂಗಳೂರಿನ ಜಂಬ ಬಂತು. ನನ್ನ ಬ್ಯಾಗಿನಲ್ಲಿ ಟಿಡಿಎಸ್ ಮೀಟರ್ ಇತ್ತು, ನೀರಿನಲ್ಲಿ ಎಷ್ಟು ಲವಣ ಕರಗಿದೆ ಅಂತ ತೋರಿಸೋದು. ಟ್ಯಾಂಕರ್ ನೀರು ಕುಡಿಯೋರ ಬ್ಯಾಗಿನಲ್ಲಿ ಏನೇನು ಇರುತ್ತೆ ಅಂತ ಕೇಳಬೇಡಿ. ಅದರ ಹಿಂದಿನ ವರ್ಷ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನೀರು ಜಿನುಗಿದಾಗ ಕಾವೇರಿ ಲೈನಾ, ಬೋರ್‌ವೆಲ್ ಲೈನಾ ಅಂತ ಎರಡು ವಾರ ಜಗಳ ಆಗಿತ್ತು. ಕೊನೆಗೆ ಈ ಪೆನ್ನಿನಂಥ ಸಾಧನವನ್ನು ಅದ್ದಿ ನೋಡಿದರೆ 780 ತೋರಿಸಿತು. ಕಾವೇರಿ ನೀರಿನಲ್ಲಿ ಅಷ್ಟು ಲವಣ ಎಲ್ಲಿಂದ ಬರಬೇಕು? ಐದು ನಿಮಿಷದಲ್ಲಿ ಜಗಳ ಮುಗಿಯಿತು. ಅದೇ ಧೈರ್ಯದಲ್ಲಿ ಇಲ್ಲೂ ಅದ್ದಿದೆ. ನಲ್ಲಿ ನೀರು 150ರ ಆಸುಪಾಸು, ಗುಂಡಿ ನೀರು 410. ಹಂಗಾದ್ರೆ ಬೇರೆ ನೀರು ಅಂತಾಯ್ತಲ್ಲ? ಹಾಗೂ ಹೇಳೋಕಾಗಲ್ಲ. ಇದು ಕಾಂಕ್ರೀಟ್ ನೆಲದ ಮೇಲೆ ನಿಂತ ನೀರಲ್ಲ, ಮಣ್ಣೊಳಗೆ ಹತ್ತಾರು ಅಡಿ ಹಾದು ಬಂದದ್ದು. ದಾರಿಯಲ್ಲಿ ಮಣ್ಣಿನ ಉಪ್ಪು, ಅಪ್ಪನ ಗೊಬ್ಬರ ಎಲ್ಲ ಕರಗಿಸಿಕೊಂಡು ಬಂದಿರುತ್ತದೆ. ಕ್ಲೋರಿನ್ ಪರೀಕ್ಷೆಯ ಕಥೆಯೂ ಅಷ್ಟೇ. ದ್ರಾವಣದ ಹನಿ ಹಾಕಿದಾಗ ಹಳದಿ ತಿರುಗಿದರೆ ಅದು ನಲ್ಲಿ ನೀರು ಅಂತ ಧೈರ್ಯವಾಗಿ ಹೇಳಬಹುದು. ತಿರುಗದಿದ್ದರೆ ಅಲ್ಲ ಅಂತ ಹೇಳೋ ಹಾಗಿಲ್ಲ, ಯಾಕಂದ್ರೆ ಮಣ್ಣು ಕ್ಲೋರಿನ್ನನ್ನು ಬೇಗ ನುಂಗಿಬಿಡುತ್ತದೆ. ಮೀಟರನ್ನು ಒರೆಸಿ ಸುಮ್ಮನೆ ಬ್ಯಾಗಿಗೆ ಹಾಕಿಕೊಂಡೆ.

ಆಮೇಲೆ ಅಪ್ಪನ ಸರದಿ. ಅಪ್ಪನಿಗೆ 78 ವರ್ಷ. 1986ರಲ್ಲಿ ಕುವೆಂಪುನಗರದಲ್ಲಿ ಈ ಮನೆ ಕಟ್ಟಿಸಿದಾಗ ಮೂರು ತಿಂಗಳು ರಜೆ ಹಾಕಿ ಇಟ್ಟಿಗೆ ಇಟ್ಟಿಗೆ ಎಣಿಸಿದವರು. "ಪೈಪು ಎಡಗಡೆ ಕಾಂಪೌಂಡ್ ಪಕ್ಕದಲ್ಲೇ ಹೋಗಿದೆ ಕಣಮ್ಮ. ನಾನೇ ನಿಂತು ಹಾಕ್ಸಿದ್ದು. ಗೋಡೆಯಿಂದ ಒಂದೂವರೆ ಅಡಿ." ಕೋಲು ತೆಗೆದುಕೊಂಡು ನೆಲದ ಮೇಲೆ ಗೆರೆ ಎಳೆದೇಬಿಟ್ಟರು. ಅಷ್ಟು ಖಚಿತವಾಗಿ ಹೇಳೋರ ಎದುರು ಯಾರು ಮಾತಾಡ್ತಾರೆ? ಎರಡನೇ ಗುಂಡಿ ಶುರುವಾಯಿತು. ಒಂದೂವರೆ ಅಡಿಗೆ ಠಣ್ ಅಂತ ಸದ್ದು. ಅಪ್ಪನ ಮುಖ ನೋಡಬೇಕಿತ್ತು ನೀವು! ಮಣ್ಣು ಸರಿಸಿದರೆ ತುಕ್ಕು ಹಿಡಿದ ಅರ್ಧ ಇಂಚಿನ ಕಬ್ಬಿಣದ ಪೈಪು, ಗೋಡೆಯಿಂದ ಸರಿಯಾಗಿ ಒಂದೂವರೆ ಅಡಿಗೆ. ಆದರೆ ಸುತ್ತ ಮಣ್ಣು ಒಣಗಿ ಬೂದಿ ಆಗಿತ್ತು. ಹುಡುಗ ಪೈಪಿನ ಮೇಲೆ ಸ್ಪ್ಯಾನರಿನಿಂದ ತಟ್ಟಿದ. ಖಾಲಿ ಡಬ್ಬದ ಸದ್ದು. ಮನೆ ಕಟ್ಟುವಾಗ ಕ್ಯೂರಿಂಗಿಗೆ ಅಂತ ಹಾಕಿದ್ದ ಲೈನು ಅದು. ಆಮೇಲೆ ಕೈಬಿಟ್ಟಿದ್ದರು. ಅಪ್ಪನ ನೆನಪು ಒಂದು ಅಂಗುಲವೂ ತಪ್ಪಿರಲಿಲ್ಲ. ನೆನಪಿದ್ದ ಪೈಪೇ ಬೇರೆ, ಅಷ್ಟೆ.

ಒಂದು ಗುಂಡಿ ಅಗೆಯೋಕೆ ಎಂಟುನೂರು, ಮುಚ್ಚೋಕೆ ಐನೂರು. ಮಧ್ಯಾಹ್ನದ ಹೊತ್ತಿಗೆ ನಮ್ಮ ಅಂಗಳ ಯಾರೋ ನಿಧಿ ಹುಡುಕಿದ ಹಾಗೆ ಕಾಣುತ್ತಿತ್ತು. ಅಮ್ಮ ಬಾಗಿಲಲ್ಲಿ ನಿಂತು "ಇನ್ನು ಒಂದು ಗುಂಡಿ ತೆಗೆದರೂ ನಾನು ಊಟಕ್ಕಿಡಲ್ಲ" ಅಂದಳು.

ಆಮೇಲೆ ಯೋಚನೆ ಮಾಡಿದರೆ ಕೆಸುವಿನ ಮೂಲೆ ಒದ್ದೆ ಆಗಿದ್ದಕ್ಕೆ ಕಾರಣ ಸರಳ. ಪೈಪ್ ಹಾಕಲು ಅಗೆದು ಮುಚ್ಚಿದ ಕಾಲುವೆಯ ಮಣ್ಣು ಅಕ್ಕಪಕ್ಕದ ಗಟ್ಟಿ ಮಣ್ಣಿಗಿಂತ ಸಡಿಲ. ಸೋರಿದ ನೀರಿಗೆ ಅದೇ ರಸ್ತೆ. ಪೈಪಿನ ಗುಂಟ ಹೋಗುತ್ತದೆ, ಪಾಯದ ಕಲ್ಲು ಸಿಕ್ಕರೆ ಅದರ ಗುಂಟ ತಿರುಗುತ್ತದೆ, ಮೇಲೆ ಟೈಲ್ಸೋ ಕಾಂಕ್ರೀಟೋ ಇದ್ದರೆ ತಲೆ ಎತ್ತದೆ ಮುಂದೆ ಹೋಗಿ, ತಗ್ಗಿನಲ್ಲಿ ಎಲ್ಲಿ ಸಂದು ಸಿಗುತ್ತೋ ಅಲ್ಲಿ ಹೊರಗೆ ಬರುತ್ತದೆ. ಒದ್ದೆ ಜಾಗ ಅನ್ನೋದು ನೀರು ಇಳಿದುಕೊಂಡ ಸ್ಟಾಪು. ಹತ್ತಿದ ಸ್ಟಾಪು ಎಲ್ಲೋ ಹಿಂದೆ ಇರುತ್ತದೆ.

ಯಜಮಾನರು ಕುರ್ಚಿ ಕೇಳಿದರು

ಸಂಜೆ ಪ್ಲಂಬರ್ ಹುಡುಗನೇ ಒಬ್ಬರನ್ನು ಕರೆದುಕೊಂಡು ಬಂದ. ಎಪ್ಪತ್ತರ ಹತ್ತಿರದ ಯಜಮಾನರು. ಮೂವತ್ತು ವರ್ಷ ವಾಲ್ವ್‌ಮನ್ ಆಗಿದ್ದವರಂತೆ, ಬೀದಿ ಬೀದಿಗೆ ನೀರು ಬಿಡೋದು, ನಿಲ್ಲಿಸೋದು. ನಮ್ಮಜ್ಜಿ ಊರಲ್ಲಿ ಇಂಥವರಿಗೆ ನೀರುಗಂಟಿ ಅಂತಿದ್ದರು. ಕೆರೆ ತೂಬು ಎತ್ತಿ ಗದ್ದೆಗೆ ನೀರು ಹಂಚುತ್ತಿದ್ದವರ ಹೆಸರು ಅದು, ಈಗ ಪಂಚಾಯ್ತಿ ಬೋರಿನ ಮೋಟರ್ ಹಾಕೋರಿಗೂ ಅದೇ ಹೆಸರು ಉಳಿದುಕೊಂಡಿದೆ. ಅವರು ಬಂದವರು ಗುಂಡಿಗಳನ್ನು ನೋಡಿ ಏನೂ ಅನ್ನಲಿಲ್ಲ. ಒಂದು ಕುರ್ಚಿ ಕೇಳಿದರು. ಆಮೇಲೆ ಕಾಫಿ. ಆಮೇಲೆ "ಬೆಳಿಗ್ಗೆ ನಾಲ್ಕಕ್ಕೆ ಬತ್ತೀನಿ ಸ್ವಾಮಿ, ಯಾರೂ ನಲ್ಲಿ ಮುಟ್ಟಬ್ಯಾಡಿ" ಅಂತ ಎದ್ದು ಹೋದರು. ಇದಕ್ಕೆ ಬರಬೇಕಿತ್ತಾ ಅಂತ ಅಪ್ಪ ಗೊಣಗಿದರು.

ಹೇಳಿದ ಹೊತ್ತಿಗೆ ಬಂದರು. ಮೊದಲ ಕೆಲಸ ಲೆಕ್ಕ. ಮೀಟರಿನ ಕಪ್ಪು ಅಂಕಿಗಳು ಸಾವಿರ ಸಾವಿರ ಲೀಟರಿನವು, ಅವುಗಳಿಗೆ ಸಣ್ಣ ಸೋರಿಕೆ ಕಾಣೋದೇ ಇಲ್ಲ. ಪಕ್ಕದಲ್ಲಿ ನಾಲ್ಕು ಪುಟ್ಟ ಕೆಂಪು ಮುಳ್ಳುಗಳಿವೆ. ಅದರಲ್ಲಿ ಕೊನೆಯದು ಒಂದು ಸುತ್ತು ಹಾಕಿದರೆ ಒಂದು ಲೀಟರ್. ಎಲ್ಲ ಬಂದ್ ಮಾಡಿ, ಬಾಲ್‌ವಾಲ್ವ್ ಕಟ್ಟಿ, ನನ್ನ ಮೊಬೈಲಿನಲ್ಲಿ ಗಡಿಯಾರ ಓಡಿಸಲು ಹೇಳಿದರು. ಒಂದು ಸುತ್ತಿಗೆ 40 ಸೆಕೆಂಡ್. ಮೂರು ಸಲ ನೋಡಿದೆವು, ಮೂರು ಸಲವೂ 40ರ ಹತ್ತಿರವೇ. ಕಾಂಪೌಂಡ್ ಗೋಡೆ ಮೇಲೆ ಪೆನ್ಸಿಲ್ಲಿನಲ್ಲಿ ಬರೆದರು. ಗಂಟೆಗೆ 90 ಲೀಟರ್. ನಮಗೆ ನೀರು ಬರೋದು ಆರು ಗಂಟೆ, ಹಾಗಾಗಿ ದಿನಕ್ಕೆ 540. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಕೊಡಬೇಕು ಅಂತ ಸರ್ಕಾರಿ ಲೆಕ್ಕ ಇದೆ. ಅಂದರೆ ನಾಲ್ಕು ಜನರ ಪಾಲು. ಮನೆಯಲ್ಲಿರೋದು ಅಪ್ಪ ಅಮ್ಮ ಇಬ್ಬರೇ. ಮಣ್ಣೊಳಗೆ ಇನ್ನೂ ನಾಲ್ಕು ಜನ ಬಾಡಿಗೆ ಕೊಡದೆ ಇದ್ದರು.

ಆಮೇಲೆ ಅವರು ನಮ್ಮ ಹಾರೆ ತರಿಸಿದರು. ತೆಂಗಿನಕಾಯಿ ಸುಲಿಯೋದು ಬಿಟ್ಟು ಇನ್ಯಾವುದಕ್ಕೂ ಬಳಸದ ಹಾರೆ. ಅದರ ಚೂಪು ತುದಿಯನ್ನು ಮೀಟರಿನ ಪಕ್ಕದ ಪೈಪಿಗೆ ಒತ್ತಿ, ಇನ್ನೊಂದು ತುದಿಗೆ ಕಿವಿ ಕೊಟ್ಟರು. ಕಣ್ಣು ಮುಚ್ಚಿದರು. ನಾನೂ ಅಪ್ಪನೂ ಉಸಿರು ಬಿಗಿ ಹಿಡಿದು ನಿಂತೆವು. ಒಂದು ನಿಮಿಷ ಆದಮೇಲೆ ನನ್ನನ್ನು ಕರೆದರು. "ಕೇಳ್ನೋಡವ್ವ."

ಮೊದಲು ನನಗೆ ಕೇಳಿಸಿದ್ದು ನನ್ನದೇ ಕಿವಿಯೊಳಗಿನ ಗುಂಯ್. ಆಮೇಲೆ ಬೀದಿ ಕೊನೆಯ ಟ್ರಾನ್ಸ್‌ಫಾರ್ಮರ್. ಆಮೇಲೆ ದೂರದ ದೇವಸ್ಥಾನದ ಮೈಕು. "ಏನೂ ಇಲ್ಲ" ಅಂದೆ. "ತಾಳು" ಅಂದು ಅವರು ಬಗ್ಗಿ ಮೀಟರಿನ ಹಿಂದಿನ ಕಾಕನ್ನು ತಿರುಗಿಸಿ ನೀರು ನಿಲ್ಲಿಸಿದರು. ಆಗ ಗೊತ್ತಾಯಿತು. ಅಲ್ಲಿಯ ತನಕ ಏನೋ ಒಂದು ಸದ್ದು ಇತ್ತು, ಈಗ ಅದು ಇಲ್ಲ. ಮತ್ತೆ ಕಾಕ್ ತೆರೆದರು. ಸ್‌ಸ್‌ಸ್ ಅಂತ ಬಂತು, ಕಾದ ದೋಸೆ ಹಂಚಿಗೆ ನೀರು ಚಿಮುಕಿಸಿದಾಗ ಕೊನೆಗೆ ಉಳಿಯುತ್ತಲ್ಲ, ಆ ಥರದ ತೆಳು ಸದ್ದು. ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟುತ್ತಲೇ ಇತ್ತು, ಮೈಕು ಹಾಡುತ್ತಲೇ ಇತ್ತು, ಇದೊಂದು ಮಾತ್ರ ಕಾಕಿನ ಮಾತು ಕೇಳುತ್ತಿತ್ತು. ಮೈ ಜುಂ ಅಂದಿತು ಅಂದರೆ ನಗಬೇಡಿ. ಕಾಕ್ ಮುಚ್ಚಿ ತೆರೆದು, ಮುಚ್ಚಿ ತೆರೆದು ಐದಾರು ಸಲ ಕೇಳಿಸಿಕೊಂಡೆ. ಹಿಂದಿನ ದಿನ ಎರಡು ಗುಂಡಿ ತೋಡಿ ಹುಡುಕಿದ್ದು ಇಷ್ಟು ಹೊತ್ತೂ ಅಲ್ಲೇ ಪಿಸುಗುಡುತ್ತಿತ್ತು.

ಯಜಮಾನರು ಹೇಳಿದ್ದು, ಆಮೇಲೆ ನಾನೂ ಓದಿ ತಿಳಿದುಕೊಂಡಿದ್ದು ಒಂದೇ. ಒತ್ತಡದಲ್ಲಿರೋ ನೀರು ಸಣ್ಣ ಸಂದಿನಿಂದ ನುಗ್ಗುವಾಗ ಪೈಪಿನ ಗೋಡೆ ನಡುಗುತ್ತದೆ. ಕಬ್ಬಿಣದ ಪೈಪು ಆ ನಡುಕವನ್ನು ದೂರ ಒಯ್ಯುತ್ತದೆ. ಸಣ್ಣ ತೂತು ಜೋರಾಗಿ ಕಿರುಚುತ್ತದೆ, ದೊಡ್ಡದಾಗಿ ಒಡೆದದ್ದು ಸುಮ್ಮನೆ ಗೊಣಗುತ್ತದೆ. ಅದಕ್ಕೇ ಪುಟ್ಟ ಲೀಕು ಕಿವಿಗೆ ಸಿಕ್ಕುತ್ತದೆ, ದೊಡ್ಡದು ಕೆಲವು ಸಲ ಸಿಕ್ಕೋದಿಲ್ಲ.

ಹಾರೆ ಹಿಡಿದು ಅಂಗಳದ ನಲ್ಲಿ ಹತ್ತಿರ ಹೋದೆವು. ಅಲ್ಲಿ ಸದ್ದು ಮೀಟರಿಗಿಂತ ಜೋರು. ಸರಿ, ಹತ್ತಿರ ಆಗ್ತಿದೀವಿ. ಅಲ್ಲಿಂದ ಮುಂದೆ ಪೋರ್ಟಿಕೋ, ಹದಿನಾಲ್ಕು ಅಡಿ ಅಗಲ. ಅದರ ಆಚೆ ಬದಿಗೆ ಸಂಪು. ಸಂಪಿನ ಮುಚ್ಚಳ ತೆಗೆದು ಒಳಗೆ ಬರೋ ಪೈಪಿನ ಮೂತಿಗೆ ಹಾರೆ ಒತ್ತಿ ಕೇಳಿದರು. ಅವರ ಹುಬ್ಬು ಗಂಟಾಯಿತು. ನನಗೂ ಕೊಟ್ಟರು. ಏನೂ ಇಲ್ಲ. ನಿಶ್ಶಬ್ದ. ಮತ್ತೆ ಅಂಗಳದ ನಲ್ಲಿಗೆ ಹೋದರು, ಜೋರು. ಮತ್ತೆ ಸಂಪು, ಇಲ್ಲ.

"ಹದಿನೈದು ಇಪ್ಪತ್ತು ಅಡಿ ಕಬ್ಬಿಣದಲ್ಲಿ ಸದ್ದು ಸಾಯಕಿಲ್ಲ ಸ್ವಾಮಿ. ಮಧ್ಯೆ ಏನೋ ಐತೆ."

"ಏನೂ ಇಲ್ಲ. ಒಂದೇ ಪೈಪು. ನಾನೇ..." ಅಂತ ಶುರು ಮಾಡಿದ ಅಪ್ಪ ಎರಡನೇ ಗುಂಡಿ ಕಡೆ ನೋಡಿ ಅರ್ಧಕ್ಕೆ ನಿಲ್ಲಿಸಿದರು.

ಅಮ್ಮ ಕಾಫಿ ತಂದಿದ್ದಳು. ಲೋಟ ಕೊಡುತ್ತಾ ಕೇಳಿದಳು: "ಪ್ಲಾಸ್ಟಿಕ್ ಇದ್ರೆ ಸದ್ದು ಬರಲ್ವಾ?" ಬರಲ್ಲ, ಪ್ಲಾಸ್ಟಿಕ್ ನುಂಗಿಬಿಡ್ತದೆ ಅಂದರು ಯಜಮಾನರು. "ಹಂಗಾದ್ರೆ ಪೋರ್ಟಿಕೋ ಕೆಳಗೆ ಪ್ಲಾಸ್ಟಿಕ್ ಇದೆ. ಟೈಲ್ಸ್ ಹಾಕಿಸಿದಾಗ ಗಾರೆಯವನು ಪಿಕಾಸಿಲಿ ಪೈಪ್ ಒಡೆದಿದ್ದ. ಒಂದು ತುಂಡು ಪ್ಲಾಸ್ಟಿಕ್ ಹಾಕಿ ಮುಚ್ಚಿದ. ಇವರು ಆಫೀಸಿಗೆ ಹೋಗಿದ್ರು. ಅರವತ್ತು ರೂಪಾಯಿ ನಾನೇ ಕೊಟ್ಟಿದ್ದೆ." ಟೈಲ್ಸ್ ಹಾಕಿಸಿದ್ದು 1999ರಲ್ಲಿ. ಇಪ್ಪತ್ತೈದು ವರ್ಷ ಆ ಅರವತ್ತು ರೂಪಾಯಿ ಯಾರಿಗೂ ಬೇಕಾಗಿರಲಿಲ್ಲ. ಅಪ್ಪ ಕಾಫಿ ಲೋಟದೊಳಗೆ ನೋಡುತ್ತಾ ಕೂತರು.

ಮೂರನೇ ಗುಂಡಿ ಅಂಗೈಯಗಲ. ಅಂಗಳದ ನಲ್ಲಿಯ ಬುಡದಲ್ಲಿ ಕೈಯಲ್ಲೇ ಮಣ್ಣು ಕೆರೆದು, ನೀರು ನಿಲ್ಲಿಸಿ, ಪೈಪು ಕವಲೊಡೆಯೋ ಟೀ ಜಾಯಿಂಟ್ ಬಿಚ್ಚಿ, ಪೋರ್ಟಿಕೋ ಕಡೆಗೆ ಹೋಗೋ ಬಾಯಿಗೆ ಪ್ಲಗ್ ಬಿಗಿದರು. ಮತ್ತೆ ಕಾಕ್ ತೆರೆದರು. ನಾವೆಲ್ಲ ಮೀಟರ್ ಪೆಟ್ಟಿಗೆ ಸುತ್ತ ಬಗ್ಗಿ ನಿಂತೆವು. ಮುಳ್ಳು ಒಂದು ಸಲ ಸಣ್ಣಗೆ ಹಾರಿ ನಿಂತಿತು. ನಿಂತೇ ಇತ್ತು. ಸಂಪಿನ ತುದಿಯನ್ನು ಮೊದಲೇ ಕಟ್ಟಿದ್ದೆವು, ಆಗ ಮುಳ್ಳು ಓಡುತ್ತಿತ್ತು. ಈ ತುದಿ ಕಟ್ಟಿದಾಗ ನಿಂತಿತು. ಅಂದರೆ ಎರಡರ ನಡುವೆ, ಪೋರ್ಟಿಕೋ ಕೆಳಗೆ. ಸಂಪಿನ ಕಡೆ ಸದ್ದೇ ಇಲ್ಲ ಅಂದಮೇಲೆ ಈಚೆ ಬದಿ, ಕಬ್ಬಿಣ ಮುಗಿದು ಪ್ಲಾಸ್ಟಿಕ್ ಶುರುವಾಗೋ ಜಾಯಿಂಟಿನಲ್ಲಿ ಅಂತ ಯಜಮಾನರ ಅಂದಾಜು. ಕಬ್ಬಿಣದ ತಿರುಪಿನ ಸುತ್ತು, ಪ್ಲಾಸ್ಟಿಕ್ ತಿರುಪಿನ ಸುತ್ತು, ನಡುವೆ ಸೆಣಬಿನ ನಾರು, ಮೇಲೆ ದಿನಾ ಕಾರು ಹತ್ತಿ ಇಳಿಯೋ ಭಾರ. ಇಪ್ಪತ್ತೈದು ವರ್ಷ ತಡೆದಿದ್ದೇ ಹೆಚ್ಚು.

ಯಂತ್ರಕ್ಕೂ ಹೇಳಿಕೊಡಬೇಕು

ಬೆಂಗಳೂರಿಗೆ ವಾಪಸ್ ಬಂದ ಮೇಲೂ ಈ ಪ್ಲಾಸ್ಟಿಕ್ ತುಂಡು ತಲೆಯಿಂದ ಹೋಗಲಿಲ್ಲ. ಹಾರೆ ಬದಲು ಈಗ ಯಂತ್ರಗಳಿವೆ ಅಲ್ವಾ ಅಂತ ಓದುತ್ತಾ ಹೋದೆ. ಕೋರಿಲೇಟರ್ ಅಂತ ಒಂದಿದೆ, ಅದರ ಲೆಕ್ಕ ಚಂದ. ಪೈಪಿನ ಎರಡು ಕಡೆ, 100 ಮೀಟರ್ ಅಂತರದಲ್ಲಿ, ಎರಡು ಸೆನ್ಸರ್ ಅಂಟಿಸುತ್ತಾರೆ ಅಂತಿಟ್ಟುಕೊಳ್ಳಿ. ಲೀಕಿನ ಸದ್ದು ಒಂದಕ್ಕೆ ಮೊದಲು ತಲುಪುತ್ತದೆ, ಇನ್ನೊಂದಕ್ಕೆ ಆಮೇಲೆ. ಕಬ್ಬಿಣದ ಪೈಪಿನಲ್ಲಿ ಈ ಸದ್ದು ಸೆಕೆಂಡಿಗೆ ಸುಮಾರು 1,200 ಮೀಟರ್ ಓಡುತ್ತದೆ. ಎರಡರ ನಡುವೆ ಸೆಕೆಂಡಿನ ಐವತ್ತನೇ ಒಂದು ಭಾಗ ವ್ಯತ್ಯಾಸ ಬಂದರೆ, ಒಂದು ದಾರಿ ಇನ್ನೊಂದಕ್ಕಿಂತ 24 ಮೀಟರ್ ಉದ್ದ. 100ರಲ್ಲಿ 24 ಕಳೆದು ಅರ್ಧ ಮಾಡಿದರೆ 38. ಮೊದಲು ಕೇಳಿಸಿಕೊಂಡ ಸೆನ್ಸರಿನಿಂದ 38 ಮೀಟರ್ ಅಳೆದು ಅಗೆಯಿರಿ. ಹೈಸ್ಕೂಲ್ ಗಣಿತ. ಆದರೆ ಪಿವಿಸಿ ಪೈಪಿನಲ್ಲಿ ಅದೇ ಸದ್ದು 400–500 ಮೀಟರ್ ವೇಗದಲ್ಲಿ ತೆವಳುತ್ತದೆ, ಬೇಗ ಸತ್ತೂ ಹೋಗುತ್ತದೆ. ಹಾಗಾಗಿ ಪೈಪು ಯಾವುದು, ಎಷ್ಟು ಉದ್ದ ಅಂತ ಯಂತ್ರಕ್ಕೆ ಮೊದಲೇ ನಾವು ಹೇಳಬೇಕು. ಪೂರ್ತಿ ಕಬ್ಬಿಣ ಅಂತ ಹೇಳಿ, ಮಧ್ಯೆ ಯಾವಾಗಲೋ ಯಾರೋ ಪ್ಲಾಸ್ಟಿಕ್ ತುಂಡು ಹಾಕಿದ್ದರೆ ಅದು ಅಷ್ಟೇ ಶ್ರದ್ಧೆಯಿಂದ ತಪ್ಪು ಜಾಗ ತೋರಿಸುತ್ತದೆ. ಥೇಟ್ ನಮ್ಮಪ್ಪನ ಹಾಗೆ.

ಒಂದು ಮನೆಯಲ್ಲೇ ಹೀಗಾದರೆ ಊರಿನ ಗತಿ ಏನು? ಬೆಂಗಳೂರಿಗೆ ಕಾವೇರಿ ಮೊದಲ ಸಲ ಬಂದದ್ದು 1974ರಲ್ಲಿ. ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ಅಲ್ಲಿಂದ ತಾತಗುಣಿ ಅಂತ ಮೂರು ಕಡೆ ಪಂಪ್ ಮಾಡಿ, ಸುಮಾರು 100 ಕಿಲೋಮೀಟರ್ ದೂರ ಬೆಟ್ಟ ಹತ್ತಿಸಿ ತರುತ್ತಾರೆ. ಹಾಗೆ ತಂದ ನೀರಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಲೆಕ್ಕಕ್ಕೆ ಸಿಗೋದಿಲ್ಲ. ಎಲ್ಲವೂ ಲೀಕಲ್ಲ, ಕಳ್ಳ ಸಂಪರ್ಕ, ಓಡದ ಮೀಟರು ಎಲ್ಲ ಸೇರಿ ಇಷ್ಟು. ಆದರೂ ನೆಲದಡಿ ಹೋಗುವ ಪ್ರತಿ ಲೀಟರಿನ ಜೊತೆ ಅದನ್ನು ಮೇಲೆ ಹತ್ತಿಸಿದ ಕರೆಂಟೂ ಸೋರುತ್ತದೆ. ಅದೇ 2024ರ ಅಕ್ಟೋಬರಿನಲ್ಲಿ ಕಾವೇರಿ ಯೋಜನೆಯ ಐದನೇ ಹಂತ ಶುರುವಾಗಿ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು ತರುವ ಏರ್ಪಾಡಾಯಿತು. ಒಳ್ಳೆಯದೇ. ಹೊಸ ನೀರು ತರೋದಕ್ಕೆ ಉದ್ಘಾಟನೆ ಇರುತ್ತದೆ, ಹಾರ ತುರಾಯಿ ಇರುತ್ತದೆ. ಬೆಳಗಿನ ಜಾವ ಕಿವಿಗೆ ಕಬ್ಬಿಣ ಒತ್ತಿಕೊಂಡು ನಿಂತವರಿಗೆ ಯಾರು ಹಾರ ಹಾಕ್ತಾರೆ?

ದಿನಪೂರ್ತಿ ನೀರು ಬರೋ ಊರುಗಳಲ್ಲಿ ಹುಡುಕೋದು ಸುಲಭವಂತೆ. ರಾತ್ರಿ ಎರಡರಿಂದ ನಾಲ್ಕರ ನಡುವೆ ಒಂದು ಬಡಾವಣೆಗೆ ಹೋಗುವ ನೀರು ಅಳೆದರೆ ಸಾಕು. ಆ ಹೊತ್ತಲ್ಲಿ ಯಾರು ಬಟ್ಟೆ ಒಗೀತಾರೆ? ಹರಿದದ್ದರಲ್ಲಿ ಬಹುಪಾಲು ಲೀಕು. ಒಂದೊಂದೇ ವಾಲ್ವ್ ಮುಚ್ಚುತ್ತಾ ಹೋದರೆ ಯಾವ ಬೀದಿ ಅಂತ ಗೊತ್ತಾಗುತ್ತದೆ. ಯಜಮಾನರು ನಮ್ಮ ಅಂಗಳದಲ್ಲಿ ಮಾಡಿದ್ದೇ, ದೊಡ್ಡದಾಗಿ. ಎರಡು ದಿನಕ್ಕೊಮ್ಮೆ ನೀರು ಬಿಡೋ ಕಡೆ ಇದು ಆಗಲ್ಲ, ಯಾಕಂದ್ರೆ ನೀರು ಬಂದ ಹೊತ್ತಿಗೆ ಎಲ್ಲರ ಸಂಪೂ ಬಾಯಿ ತೆರೆದಿರುತ್ತದೆ. ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರಿಂದ ದಿನದ 24 ಗಂಟೆ ನೀರು ಕೊಡಲು ಶುರು ಮಾಡಿದಾಗ, ಹಳೆ ಪೈಪುಗಳ ಲೀಕು ಹುಡುಕುತ್ತಾ ಕೂರದೆ ಹೊಸ ಜಾಲವನ್ನೇ ಹಾಕಿದರು. ಜಾಣತನ ಅನ್ನಿಸುತ್ತದೆ ನನಗೆ. ಕೆಲವು ಪೈಪುಗಳನ್ನು ಹುಡುಕುವುದಕ್ಕಿಂತ ಬಿಟ್ಟುಬಿಡೋದೇ ಅಗ್ಗ.

ಇನ್ನೊಂದು ವಿಷಯ ಹೊಳೆದದ್ದೂ ಆಗಲೇ. ನೀರು ನಿಂತ ಮೇಲೆ ಪೈಪಿನಲ್ಲಿ ಒತ್ತಡ ಇರೋದಿಲ್ಲ. ಆಗ ಅದೇ ತೂತು ಉಲ್ಟಾ ಕೆಲಸ ಮಾಡುತ್ತದೆ, ಸುತ್ತಲಿನ ಕೆಸರು ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನಮ್ಮನೆಯಲ್ಲಿ ತಿಂಗಳುಗಟ್ಟಲೆ ಬೆಳಗಿನ ಮೊದಲ ಬಕೆಟ್ ಕೆಂಪಗೆ ಬರುತ್ತಿತ್ತು. "ಕೆಆರ್‌ಎಸ್‌ನಲ್ಲಿ ನೀರು ತಳ ಸೇರಿದೆ, ಅದಕ್ಕೇ" ಅಂತ ಅಪ್ಪ ಹೇಳುತ್ತಿದ್ದರು, ಪೇಪರಿನಲ್ಲಿ ಅಣೆಕಟ್ಟಿನ ಮಟ್ಟ ಓದುವ ಎಲ್ಲ ಮೈಸೂರಿಗರ ಹಾಗೆ. ಅಮ್ಮ ಆ ಬಕೆಟ್ಟನ್ನು ಗುಲಾಬಿ ಗಿಡಕ್ಕೆ ಹಾಕುತ್ತಿದ್ದಳು. ಮಣ್ಣು ನಮ್ಮ ಅಂಗಳದ್ದೇ ಆಗಿತ್ತು.

ಟೈಲ್ಸ್ ಒಡೆಯಲಿಲ್ಲ

ಜಾಗ ಗೊತ್ತಾಯ್ತಲ್ಲ, ಪೋರ್ಟಿಕೋ ಒಡೆದು ಸರಿ ಮಾಡಿಬಿಡೋಣ ಅಂದ ಹುಡುಗ. ಅಪ್ಪನಿಗಂತೂ ಅದನ್ನು ಕಣ್ಣಾರೆ ನೋಡುವ ಆಸೆ. ಅಮ್ಮ ಒಂದೇ ಮಾತು ಕೇಳಿದಳು, "ಈ ಟೈಲ್ಸ್ ಈಗ ಸಿಗ್ತದಾ?" ಸಿಗೋದಿಲ್ಲ. ಯಜಮಾನರು ನಕ್ಕು "ನೋಡಿ ಏನ್ ಮಾಡ್ತೀರಿ ಸ್ವಾಮಿ, ಅದೇನು ಮದುವೆ ಹೆಣ್ಣಾ" ಅಂದರು. ಹಳೆ ಪೈಪಿನ ಎರಡು ತುದಿಗೂ ಶಾಶ್ವತವಾಗಿ ಪ್ಲಗ್ ಹಾಕಿ, ಅಂಗಳದ ನಲ್ಲಿಯಿಂದ ಪೋರ್ಟಿಕೋ ಗೋಡೆಯ ಮೇಲೇ ಸುತ್ತಿಸಿ ಸಂಪಿಗೆ ಹೊಸ ಪೈಪ್ ಹಾಕಿದರು. ನೋಡೋಕೆ ಚೆನ್ನಾಗಿಲ್ಲ. ಬಿಸಿಲು ತಾಗದಿರಲಿ ಅಂತ ಅಪ್ಪ ಅದಕ್ಕೆ ಬಿಳಿ ಬಣ್ಣ ಹೊಡೆದರು. ಹಾಗಾಗಿ ಆ ಲೀಕನ್ನು ನಾವು ಯಾರೂ ನೋಡಲೇ ಇಲ್ಲ. ಪೋರ್ಟಿಕೋ ಕೆಳಗೆ ಎಲ್ಲೋ ಒಂದು ಕಡೆ ಒಣಗಿ ಕೂತಿದೆ.

ಅಪ್ಪ ಈಗ ನಕ್ಷೆ ಬರೆದಿದ್ದಾರೆ, ಯಾರದೋ ಮದುವೆ ಕಾಗದದ ಹಿಂಬದಿಗೆ, ಸ್ಕೇಲ್ ಇಟ್ಟು. ಅದರಲ್ಲಿ ಮೂರು ಪೈಪುಗಳಿವೆ. ಎಡಗಡೆ ಗೋಡೆಯಿಂದ ಒಂದೂವರೆ ಅಡಿಗೆ ಇರುವುದಕ್ಕೆ "ಹಳೆಯದು" ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಪೋರ್ಟಿಕೋ ಕೆಳಗಿನದಕ್ಕೆ "ಅವಳಿಗೆ ಗೊತ್ತು" ಅಂತ ಬರೆದಿದೆ.

ಏಪ್ರಿಲ್ ಕೊನೆಗೆ ಕೆಸು ಸೊರಗಿತು. ಎಲೆ ಹಳದಿ ತಿರುಗಿ ದಂಟು ಮಲಗಿತು. ಮಂಗಳೂರು ಆಂಟಿ ಕಾಂಪೌಂಡ್ ಮೇಲಿಂದ ಇಣುಕಿ "ಗಿಡಕ್ಕೆ ಏನಾಯ್ತು, ನೀರು ಹಾಕ್ಲಿಲ್ವಾ?" ಅಂತ ಕೇಳಿದರಂತೆ. ಜೂನಿನಲ್ಲಿ ಎರಡು ದಿನ ಚೆನ್ನಾಗಿ ಮಳೆ ಬಂತು. ಮೂರನೇ ದಿನ ಬೆಳಿಗ್ಗೆ ಅಮ್ಮ ಫೋನ್ ಮಾಡಿದ್ದಳು. ಮೂಲೆಯಲ್ಲಿ ಕೆಸು ಮತ್ತೆ ಚಿಗುರಿದೆಯಂತೆ. ಅಪ್ಪ ನಾಲ್ಕು ಗಂಟೆಗೇ ಎದ್ದು, ಟಾರ್ಚು, ಹಾರೆ ಎರಡನ್ನೂ ಹಿಡಿದುಕೊಂಡು ಮೀಟರ್ ಹತ್ತಿರ ಹೋಗಿದ್ದಾರಂತೆ, ಇನ್ನೂ ಒಳಗೆ ಬಂದಿಲ್ಲವಂತೆ.